ಅರ್ಧ ಇಟ್ಟು ಮುಚ್ಚು

ಅವರ ತಲೆಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಕೂದಲಿನಲ್ಲಿ ಒಂದು ತಗ್ಗು ಇತ್ತು. ಎಣ್ಣೆ ಹಚ್ಚಿ ಎಷ್ಟೇ ಬಿಗಿಯಾಗಿ ಬಾಚಿದರೂ ಅದು ಮುಚ್ಚುತ್ತಿರಲಿಲ್ಲ. ನಿವೃತ್ತಿಯಾಗಿ, ಕೂದಲೆಲ್ಲ ಬೆಳ್ಳಗಾದ ಮೇಲೂ ಹಾಗೇ ಉಳಿದಿತ್ತು. ಇಪ್ಪತ್ತು ವರ್ಷ, ದಿನಕ್ಕೆ ಎಂಟು ಗಂಟೆ, ಹೆಡ್‌ಸೆಟ್ಟಿನ ಉಕ್ಕಿನ ಪಟ್ಟಿ ಕೂತ ಜಾಗ ಅದು. ಸಣ್ಣವನಿದ್ದಾಗ ನಾನು ಎಕ್ಸ್‌ಚೇಂಜಿನ ಬೆಂಚಿನ ಮೇಲೆ ಕೂತರೆ, ತೆರೆದ ಬಾಗಿಲಿನಿಂದ ಮೊದಲು ಕಾಣುತ್ತಿದ್ದುದು ಫೋನಿನ ಲೈನು ಜೋಡಿಸುವ ಬೋರ್ಡಿನ ಕಡೆ ಮುಖ ಮಾಡಿ ಕೂತ ಅವರ ಬೆನ್ನು, ಆಮೇಲೆ ಆ ತಗ್ಗು.

ಅವರು ಕುಮಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ನಮ್ಮ ಪಕ್ಕದ ಮನೆಯವರು. ಕೇರಿಯಲ್ಲಿ ಅಜ್ಜಿಯರಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಕರೆಯುತ್ತಿದ್ದುದು ಎಕ್ಸ್‌ಚೇಂಜ್ ಅಕ್ಕ ಎಂದೇ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮ್ಮ ಕೇರಿಯ ಬಾಯಿಬಡುಕರಿಗೂ ಇರಲಿಲ್ಲ. ಕೇಳಿದ್ದರೆ ಅವರು ಉತ್ತರ ಕೊಡುವ ಬದಲು ‘ಲೈನ್ ಬಿಝಿ ಅದೆ’ ಎಂದು ಒಳಗೆ ಹೋಗುತ್ತಿದ್ದರು. ಬೇಡದ ಮಾತಿಗೆಲ್ಲ ಅವರದು ಅದೊಂದೇ ಉತ್ತರ.

ಅವರ ದನಿಯ ಬಗ್ಗೆ ಹೇಳದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ. ಸಿಹಿ ದನಿಯೇನಲ್ಲ. ಸ್ವಲ್ಪ ದಪ್ಪ, ಸ್ವಲ್ಪ ಒರಟು, ಆದರೆ ಗದ್ದಲದ ನಡುವೆಯೂ ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕೇಳುವಂಥದ್ದು. ಭಟ್ಕಳ, ಹೊನ್ನಾವರ, ಕುಮಟೆಯ ಎಷ್ಟೋ ಜನ ಅವರ ಮುಖ ನೋಡದೆಯೇ ಅವರನ್ನು ಬಲ್ಲವರು. ಒಮ್ಮೆ ಮೀನುಪೇಟೆಯಲ್ಲಿ ಅಕ್ಕ ಬಂಗಡೆ ಮುಟ್ಟಿ ದರ ಕೇಳಿದ್ದೇ ತಡ, ಬುಟ್ಟಿಯ ಹಿಂದೆ ಕೂತ ಹೆಂಗಸು ತಲೆ ಎತ್ತಿ, ‘ನೀವು ಫೋನಿನ ಬಾಯೋರು ಅಲ್ದಾ?’ ಎಂದಿದ್ದಳು. ಅಕ್ಕ ಆ ದಿನವಿಡೀ ಖುಷಿಯಲ್ಲಿದ್ದರು. ಹಾಗಂತ ಒಪ್ಪಿಕೊಳ್ಳುವವರಲ್ಲ.

ನನ್ನ ಅಪ್ಪ ಮುಂಬೈಯಲ್ಲಿ ಹೋಟೆಲೊಂದರ ಕೆಲಸದಲ್ಲಿದ್ದ ಕಾಲವದು. ಅಜ್ಜ ತೀರಿಕೊಂಡ ಬೆಳಿಗ್ಗೆ ಅಮ್ಮ ನನ್ನ ಕೈ ಹಿಡಿದು ಎಕ್ಸ್‌ಚೇಂಜಿಗೆ ಓಡಿದಳು. ಟ್ರಂಕ್ ಕಾಲ್ ಬುಕ್ ಮಾಡಿ ಕಾದೆವು. ಲೈನ್ ಸಿಕ್ಕಿತು. ಅಪ್ಪ ಆ ಕಡೆಯಿಂದ ‘ಹಲೋ, ಎಂತ ಆತು? ಹಲೋ’ ಎಂದು ಕೂಗುತ್ತಿದ್ದ. ಅಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತ ನಿಂತಳು. ಆಗೆಲ್ಲ ಒಂದು ಕಾಲ್ ಎಂದರೆ ಮೂರು ನಿಮಿಷ. ಅದು ಮುಗಿಯುತ್ತಲೇ ಒಳಗಿನಿಂದಲೂ ಫೋನಿನಿಂದಲೂ ಒಟ್ಟಿಗೆ ಆ ದನಿ ಕೇಳಿಸಿತು.

‘ಮೂರು ನಿಮಿಷ ಆತು.’ ಸ್ವಲ್ಪ ಬಿಟ್ಟು ಮತ್ತೆ, ‘ಅಳೂದು ಲೆಕ್ಕಕ್ಕಿಲ್ಲ. ಈಗ ಮಾತಾಡಿ.’

ಅಮ್ಮ ಮೂಗು ಒರೆಸಿಕೊಂಡು ಹೇಳಬೇಕಾದ ಒಂದೇ ಮಾತನ್ನು ಹೇಳಿದಳು. ಅಕ್ಕ ಆ ದಿನ ನಿಯಮ ಮುರಿದರು ಎಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಕೇಳಿದರೆ, ‘ಬೋರ್ಡಿನ ಮೇಲೆ ಕೇಳಿದ್ದು ಬೋರ್ಡಿನ ಮೇಲೇ ಇರ್ಲಿ’ ಎಂದು ಮಾತು ತಿರುಗಿಸಿದರು.

ಆಪರೇಟರ್ ಬೇಡದ ಯಂತ್ರಗಳು ಬಂದವು. ಬೋರ್ಡು ಮೂಲೆ ಸೇರಿತು. ಅಕ್ಕನನ್ನು ರಿಜಿಸ್ಟರ್ ಕೆಲಸಕ್ಕೆ ಹಾಕಿದರು, ಜೊತೆಗೆ ಬ್ಯಾಟರಿ ಕೋಣೆಯ ಉಸ್ತುವಾರಿ. ಊರಿನ ಕರೆಂಟು ಹೋದರೂ ಫೋನು ಸಾಯಬಾರದೆಂದು ಎಕ್ಸ್‌ಚೇಂಜಿನಲ್ಲಿ ಆಳೆತ್ತರದ ಚೌಕಟ್ಟುಗಳಲ್ಲಿ ಸಾಲುಸಾಲು ಬ್ಯಾಟರಿ ಇಟ್ಟಿರುತ್ತಾರೆ. ಅವು ಸದಾ ಚಾರ್ಜಿನಲ್ಲೇ ಇರಬೇಕು, ಸದಾ ತುಂಬಿಯೇ ಇರಬೇಕು. ದಿನಾ ಬೆಳಿಗ್ಗೆ ಅಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಹೋಗಿ ಒಂದೊಂದರ ವೋಲ್ಟೇಜ್ ನೋಡಿ ಬರೆಯುತ್ತಿದ್ದರು, ನೀರು ಇಳಿದಿದ್ದರೆ ಭಟ್ಟಿ ಇಳಿಸಿದ ನೀರು ಹೊಯ್ಯುತ್ತಿದ್ದರು. ‘ಮೂರು ತಾಲೂಕಿನ ಮಾತು ಇದರ ಮೇಲೆ ಕೂತದೆ’ ಎಂಬ ಜಂಬ ಅವರಿಗೆ. ಕೇರಿಯಲ್ಲಿ ಎಲ್ಲರೂ ಲ್ಯಾಂಡ್‌ಲೈನ್ ಕಿತ್ತು ಹಾಕಿದಾಗಲೂ ಅವರು ಬಿಡಲಿಲ್ಲ. ‘ಇದಕ್ಕೆ ಮನೆ ಕರೆಂಟ್ ಬೇಡ ತಮ್ಮಾ, ಅಲ್ಲಿಂದ ನಾವೇ ಕಳ್ಸ್ತೇವೆ’ ಎನ್ನುತ್ತಿದ್ದರು, ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೂ.

ಆ ಫೋನನ್ನು ಬಿಡದಿರಲು ಅವರಿಗೆ ಇನ್ನೊಂದು ಕಾರಣವೂ ಇತ್ತು. ಅವರ ಅಕ್ಕ ಒಬ್ಬರು ಭಟ್ಕಳದಲ್ಲಿ, ಜಾಲಿಗೆ ಹೋಗುವ ರಸ್ತೆಯಲ್ಲಿ, ಮಗನ ಮನೆಯಲ್ಲಿದ್ದಾರೆ. ನಾನು ಅವರನ್ನು ದೊಡ್ಡಕ್ಕ ಎನ್ನುತ್ತೇನೆ. ಸಕ್ಕರೆ ಕಾಯಿಲೆಯಿಂದ ದೊಡ್ಡಕ್ಕನ ಎರಡೂ ಕಣ್ಣು ಹೋಗಿವೆ. ಮೂವತ್ತು ವರ್ಷಗಳಿಂದ ದಿನಾ ಮಧ್ಯಾಹ್ನ ನಾಲ್ಕು ಗಂಟೆಗೆ ಅಕ್ಕತಂಗಿಯರ ಫೋನು. ನಾಲ್ಕು ಗಂಟೆ ಯಾಕೆಂದರೆ, ಹಿಂದೆ ಆ ಹೊತ್ತಿಗೆ ಎಕ್ಸ್‌ಚೇಂಜಿನಲ್ಲಿ ಡ್ಯೂಟಿ ಬದಲಾಗುತ್ತಿತ್ತಂತೆ. ಏನು ಮಾತಾಡುತ್ತಿದ್ದರೋ. ಗೋಡೆಯಾಚೆಯಿಂದ ನನಗೆ ಕೇಳುತ್ತಿದ್ದುದು ಬರೀ ಮೀನು, ಮಳೆ, ಯಾರದೋ ಸೊಸೆ.

ಅಂಥವರ ಗಂಟಲಿಗೇ ಕಾಯಿಲೆ ಬಂತು. ಇದು ಯಾವ ನ್ಯಾಯ ಎಂದು ನಾನು ಇವತ್ತಿಗೂ ಕೇಳುತ್ತೇನೆ. ಮಂಗಳೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಕತ್ತಿನ ಕೆಳಗೆ ಒಂದು ತೂತು, ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಉಸಿರಾಡಿದಾಗಲೆಲ್ಲ ಆ ಬಟ್ಟೆ ಅಲ್ಲಾಡುತ್ತಿತ್ತು. ಕೈಯಲ್ಲಿ ಒಂದು ಪಾಟಿ, ಶಾಲೆಮಕ್ಕಳ ಸ್ಲೇಟು, ಸೀಮೆಸುಣ್ಣದ ಕಡ್ಡಿ ದಾರದಲ್ಲಿ ಕಟ್ಟಿದ್ದು. ನಮ್ಮ ಜೊತೆ ಪಾಟಿಯಲ್ಲೇ ಜಗಳವಾಡುವಷ್ಟು ಬೇಗ ಪಳಗಿದರು.

ಆದರೆ ನಾಲ್ಕು ಗಂಟೆಗೆ ಪಾಟಿ ಏನು ಮಾಡೀತು? ಆಸ್ಪತ್ರೆಯಿಂದ ಬಂದ ವಾರ ನಾನು ಗಂಜಿ ಕೊಡಲು ಹೋದಾಗ ಫೋನು ರಿಂಗಾಗುತ್ತಿತ್ತು. ಅಕ್ಕ ಎತ್ತಿದರು. ದೊಡ್ಡಕ್ಕ ಆ ಕಡೆಯಿಂದ ಕೇಳುವುದು, ಇವರು ಉಗುರಿನಿಂದ ಫೋನಿನ ಬಾಯಿಗೆ ಹೊಡೆಯುವುದು. ಹೌದು ಎಂದರೆ ಒಂದು ಏಟು, ಅಲ್ಲ ಎಂದರೆ ಎರಡು. ಐದು ನಿಮಿಷವೂ ಆಗಿರಲಿಲ್ಲ. ದೊಡ್ಡಕ್ಕನ ದನಿ ನನಗೂ ಕೇಳುವಷ್ಟು ಜೋರಾಗಿ ಬಂತು: ‘ಗೋಡೆ ಹತ್ರ ಮಾತಾಡ್ದಂಗೆ ಆಗ್ತದೆ ತಂಗಿ. ಇಡ್ತೆ.’ ಅಕ್ಕ ರಿಸೀವರ್ ಇಟ್ಟು ಎಷ್ಟೋ ಹೊತ್ತು ಅದರ ಮೇಲಿಂದ ಕೈ ತೆಗೆಯಲಿಲ್ಲ. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

ನಾನು ಕುಮಟೆಯಲ್ಲಿ ಒಂದು ಸಣ್ಣ ಕಂಪ್ಯೂಟರ್ ಕ್ಲಾಸ್ ನಡೆಸುವವನು. ಟೈಪ್ ಮಾಡಿದ ಕನ್ನಡವನ್ನು ಓದಿ ಹೇಳುವ ತಂತ್ರಾಂಶ ಇದೆ ಎಂದು ಗೊತ್ತಿತ್ತು. ನನ್ನದೊಂದು ಹಳೆಯ ಲ್ಯಾಪ್‌ಟಾಪಿಗೆ, ಇಂಟರ್ನೆಟ್ ಇಲ್ಲದೆಯೂ ನಡೆಯುವ ಹಾಗೆ, ಅದನ್ನು ಹಾಕಿ ಅಕ್ಕನ ಮೇಜಿನ ಮೇಲಿಟ್ಟೆ. ಮೊಬೈಲಿನಲ್ಲೂ ಆಗುತ್ತಿತ್ತು. ಅಕ್ಕನಿಗೆ ಆ ಚಿಕ್ಕ ಅಕ್ಷರ ಒತ್ತಲು ಬರಲಿಲ್ಲ. ‘ನಂದು ಬೋರ್ಡಿನ ಬೆರಳು’ ಎಂದು ಪಾಟಿಯ ಮೇಲೆ ಬರೆದು ಮೊಬೈಲನ್ನು ನನ್ನ ಕಡೆ ತಳ್ಳಿದರು.

ಮೊದಲ ದಿನದ ನಾಲ್ಕು ಗಂಟೆ ನನಗೆ ಚೆನ್ನಾಗಿ ನೆನಪಿದೆ. ಅಕ್ಕ ಟೈಪ್ ಮಾಡಿ ಗುಂಡಿ ಒತ್ತಿದರು, ನಾನು ರಿಸೀವರನ್ನು ಲ್ಯಾಪ್‌ಟಾಪಿನ ಸ್ಪೀಕರಿಗೆ ಹಿಡಿದೆ. ಯಂತ್ರ ಏರಿಳಿತವಿಲ್ಲದೆ ‘ಅಕ್ಕ ಊಟ ಆತಾ’ ಎಂದಿತು.

‘ಇದ್ಯಾರೇ? ವಾರ್ತೆ ಓದೂ ಹೆಣ್ಣಾ? ಫೋನ್ ನನ್ನ ತಂಗಿ ಕೈಲಿ ಕೊಡು’ ಎಂದರು ದೊಡ್ಡಕ್ಕ.

ಅಕ್ಕನ ಮುಖ ಬಾಡಿತು. ನಾನು ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದೆ, ಅವರು ಕೈ ಎತ್ತಿ ತಡೆದರು. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದರು. ಯಂತ್ರ ಹೇಳಿತು: ‘ಮೂರು ನಿಮಿಷ ಆತು ಮುಂದುವರಿಸ್ಲಾ.’

ಆ ಕಡೆ ದೊಡ್ಡಕ್ಕ ನಕ್ಕರು, ನಗುತ್ತಲೇ ಅತ್ತರು. ‘ಹೌದೇ, ನೀನೇ ಹೌದು’ ಎಂದರು.

ಅಲ್ಲಿಂದ ಅಕ್ಕನ ಮಾತೆಲ್ಲ ಆ ಬ್ಯಾಟರಿಯ ಮೇಲೆ ನಿಂತಿತು. ಹಳೆಯ ಯಂತ್ರ, ತುಂಬಿದರೂ ಎರಡು ತಾಸು ಬಂದರೆ ಹೆಚ್ಚು. ಮಳೆಗಾಲದಲ್ಲಿ ನಮ್ಮ ಕಡೆ ತಂತಿಯ ಮೇಲೆ ಒಂದು ತೆಂಗಿನ ಮಡಲು ಬಿದ್ದರೆ ಸಾಕು, ಕರೆಂಟು ನಾಳೆಯೋ ನಾಡಿದ್ದೋ. ‘ಫೋನಿಗೆ ಕರೆಂಟ್ ಬೇಡ, ನನಗೆ ಬೇಕು’ ಎಂದು ಅಕ್ಕ ಪಾಟಿಯ ಮೇಲೆ ಬರೆದು ತಾವೇ ನಕ್ಕರು. ನಕ್ಕರೆ ಸದ್ದು ಬರುತ್ತಿರಲಿಲ್ಲ, ಕತ್ತಿನ ಬಟ್ಟೆ ಮಾತ್ರ ಜೋರಾಗಿ ಅಲ್ಲಾಡುತ್ತಿತ್ತು.

ಎರಡು ತಾಸನ್ನು ಅವರು ನಾಲ್ಕು ತಾಸು ಮಾಡಿದರು. ನಾನು ಕ್ಲಾಸಿನಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಪವರ್ ಸೆಟ್ಟಿಂಗ್‌ಗಳನ್ನು ಹೀಗೆ ಒಂದೊಂದಾಗಿ ಪ್ರಶ್ನೆ ಕೇಳಿ ಕಲಿತವರನ್ನು ಬೇರೆ ಕಂಡಿಲ್ಲ. ವೈಫೈ ಎಂತಕ್ಕೆ? ಬೇಡ. ಕೀಲಿಯ ಕೆಳಗಿನ ದೀಪ? ಬೇಡ. ಪರದೆಯ ಬೆಳಕನ್ನು ಕೊನೆಯ ಮೆಟ್ಟಿಲಿಗೆ ಇಳಿಸಿದರು. ‘ಕಣ್ಣಿಗೆ ತ್ರಾಸ ಅಕ್ಕಾ’ ಎಂದರೆ, ‘ಓದೂದು ಅದು, ನಾನಲ್ಲ. ಬೆಳಕು ಯಾರಿಗೆ?’ ಎಂದು ಬರೆದರು. ಮುಚ್ಚಳ ಹಾಕಿದರೆ ಯಂತ್ರ ಏನು ಮಾಡುತ್ತದೆ ಎನ್ನುವುದರ ಮೇಲೆ ಒಂದು ಇಡೀ ಬೆಳಿಗ್ಗೆ ಹೋಯಿತು. ಸ್ಲೀಪ್ ಎಂದರೆ ಯಂತ್ರ ತೂಕಡಿಸುತ್ತದೆ, ಆಗಲೂ ಸ್ವಲ್ಪ ಸ್ವಲ್ಪ ಬ್ಯಾಟರಿ ತಿನ್ನುತ್ತಿರುತ್ತದೆ. ಹೈಬರ್ನೇಟ್ ಎಂದರೆ ಮಾಡುತ್ತಿದ್ದ ಕೆಲಸವನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಪೂರ್ತಿ ಆರುತ್ತದೆ, ಮತ್ತೆ ತೆರೆದಾಗ ಬಿಟ್ಟಲ್ಲಿಂದಲೇ ಸಿಗುತ್ತದೆ ಎಂದು ವಿವರಿಸಿದೆ. ಅಕ್ಕ ತಲೆ ಅಲ್ಲಾಡಿಸಿ ಪಾಟಿ ಒರೆಸಿ ಬರೆದರು: ‘ಒಂದು, ಲೈನ್ ಹೋಲ್ಡ್. ಇನ್ನೊಂದು, ಚೀಟಿ ಬರೆದಿಟ್ಟು ಲೈನ್ ಬಿಡೂದು.’ ಟ್ರಂಕ್ ಬುಕಿಂಗಿನ ಕಾಲದಲ್ಲಿ ಅವರು ಮಾಡುತ್ತಿದ್ದುದು ಅದನ್ನೇ. ನಾನು ಆ ಪಾಠವನ್ನು ಈಗ ಕ್ಲಾಸಿನಲ್ಲಿ ಅವರ ಮಾತಿನಲ್ಲೇ ಹೇಳುತ್ತೇನೆ. ಮುಚ್ಚಳ ಹಾಕಿದರೆ ಚೀಟಿ ಬರೆದಿಡುವ ಹಾಗೆ ಅದನ್ನು ಹೊಂದಿಸಿ ಕೊಟ್ಟೆ.

ದೊಡ್ಡಕ್ಕನೂ ಕಲಿತರು. ನಾಲ್ಕು ಗಂಟೆಗೆ ಅವರ ಮೊದಲ ಮಾತು ‘ಹಲೋ’ ಅಲ್ಲ, ‘ಎಷ್ಟ್ ಅದೆ?’ ಯಂತ್ರ ‘ಅರವತ್ತು’ ಎಂದರೆ ಊರಿನ ಸುದ್ದಿಯೆಲ್ಲ. ‘ಇಪ್ಪತ್ತು’ ಎಂದರೆ ಮದ್ದು ತಗೊಂಡ್ಯಾ, ಊಟ ಆತಾ, ಅಷ್ಟೇ. ‘ಆತು, ಸಾಕು, ಉಳಿಸು’ ಎಂದು ಅವರೇ ಇಟ್ಟುಬಿಡುತ್ತಿದ್ದರು.

ಇಷ್ಟೆಲ್ಲ ಜಾಣತನದ ನಡುವೆ ಒಂದು ತಪ್ಪು ನಡೆಯುತ್ತಿತ್ತು. ಅಕ್ಕ ಆ ಲ್ಯಾಪ್‌ಟಾಪನ್ನು ಹಗಲೂ ಇರುಳೂ ಚಾರ್ಜಿಗೆ ಹಾಕಿಯೇ ಇಡುತ್ತಿದ್ದರು. ನೂರರಿಂದ ತೊಂಬತ್ತೊಂಬತ್ತಕ್ಕೆ ಇಳಿಯಲು ಬಿಡುತ್ತಿರಲಿಲ್ಲ. ಸಾಲದ್ದಕ್ಕೆ, ಧೂಳು ಕೂರಬಾರದೆಂದು ಟಿವಿಗೆ ಹಾಕುವಂಥ ಕ್ರೋಶದ ಬಿಳಿ ಹೊದಿಕೆಯೊಂದನ್ನು ಸ್ವತಃ ಹೆಣೆದು ಅದಕ್ಕೆ ಹೊದಿಸಿದ್ದರು. ಎಕ್ಸ್‌ಚೇಂಜಿನ ಬ್ಯಾಟರಿಗೆ ಸದಾ ತುಂಬಿರುವುದೇ ಆರೋಗ್ಯ. ಲ್ಯಾಪ್‌ಟಾಪಿನದು ಬೇರೆ ಜಾತಿ. ಅದನ್ನು ಸದಾ ನೂರರಲ್ಲಿ, ಅದೂ ಬಿಸಿಯಲ್ಲಿ ಇಟ್ಟರೆ ಒಳಗೊಳಗೇ ಕೆಡುತ್ತದೆ. ಎಂಬತ್ತಕ್ಕೆ ಚಾರ್ಜು ನಿಲ್ಲುವ ಹಾಗೆ ಮಾಡುವ ಸೆಟ್ಟಿಂಗ್ ಅದರಲ್ಲೇ ಇತ್ತು. ನಾನು ಒಮ್ಮೆ ಹೇಳಿದೆ. ಅಕ್ಕ ಹುಬ್ಬು ಏರಿಸಿ ಬರೆದರು: ‘ನೀ ಕಂಪ್ಯೂಟರ್ ಕಲ್ಸು. ಬ್ಯಾಟರಿ ನಾ ನೋಡ್ತೆ.’

ನಾನು ನಕ್ಕು ಸುಮ್ಮನಾದೆ. ದೊಡ್ಡವರ ಮಾತಿಗೆ ಎದುರಾಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದು ಮರ್ಯಾದೆಯಲ್ಲ, ಸೋಮಾರಿತನ. ಆ ಸೆಟ್ಟಿಂಗ್ ಬದಲಿಸಲು ಅರ್ಧ ನಿಮಿಷ ಸಾಕಿತ್ತು.

ಎರಡನೆಯ ವರ್ಷದ ಆಷಾಢ. ತಪಾಸಣೆಗೆಂದು ಅಕ್ಕನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಕಾಯಿಲೆ ಶ್ವಾಸಕೋಶಕ್ಕೆ ಇಳಿದಿದೆ ಎಂದರು ಡಾಕ್ಟರು. ಇನ್ನು ಹೆಚ್ಚೇನೂ ಮಾಡುವಂತಿಲ್ಲ, ನೋವು ಬಾರದ ಹಾಗೆ ನೋಡಿಕೊಳ್ಳೋಣ ಎಂದರು. ಅಕ್ಕ ಬಿಲ್ಲು ಕೌಂಟರಿನಲ್ಲಿ ಸರದಿ ನಿಂತವರ ಹಾಗೆ ತಲೆ ಅಲ್ಲಾಡಿಸಿದರು. ವಾಪಸ್ಸು ಬರುವಾಗ ಶರಾವತಿ ಸೇತುವೆ ದಾಟುವವರೆಗೆ ಪಾಟಿ ಮುಟ್ಟಲಿಲ್ಲ. ಆಮೇಲೆ ಬರೆದರು: ‘ಅಕ್ಕಗೆ ಹೇಳೂದಿಲ್ಲ. ಯಂತ್ರ ಇರೂದು ಒಳ್ಳೇದಾತು. ಅದರ ದನಿ ನಡುಗೂದಿಲ್ಲ.’

ಆ ಸಂಜೆ ದೊಡ್ಡಕ್ಕ ಕೇಳಿದ್ದಕ್ಕೆ ಯಂತ್ರ ‘ರಿಪೋರ್ಟು ಎರಡು ದಿನ ಬಿಟ್ಟು ಬರ್ತದೆ’ ಎಂದಿತು.

ಮರುದಿನ ಬೆಳಿಗ್ಗೆ ಅಕ್ಕ ಗೋಡೆ ತಟ್ಟಿ ನನ್ನನ್ನು ಕರೆದರು. ಮೇಜಿನ ಮೇಲೆ ಲ್ಯಾಪ್‌ಟಾಪ್ ಓಲಾಡುತ್ತಿತ್ತು, ತಳ ಸಮ ಕೂರುತ್ತಿರಲಿಲ್ಲ. ತಿರುಗಿಸಿ ನೋಡಿದರೆ ಹೊಟ್ಟೆ ಉಬ್ಬಿತ್ತು. ಹೊನ್ನಾವರದ ರಿಪೇರಿಯವರ ಹತ್ತಿರ ಓಡಿದೆ. ಅವರು ಹುಷಾರಾಗಿ ತಳ ಬಿಚ್ಚಿ, ಹಪ್ಪಳದ ಹಾಗೆ ಉಬ್ಬಿದ ಬ್ಯಾಟರಿಯನ್ನು ಹೊರಗೆ ತೆಗೆದು, ‘ಇದನ್ನ ಮನೇಲಿ ಇಟ್ಕಂಡು ಮಲಗ್ತಿದ್ರಾ ಮಾರಾಯ್ರೆ?’ ಎಂದು ಬೈದರು. ಹೊಸದು ತರಿಸಲು ಎಂಟು ದಿನ. ಅಲ್ಲಿಯವರೆಗೆ ಗೋಡೆಯ ಕರೆಂಟಿನಲ್ಲೇ ನಡೆಸಿ ಎಂದರು.

ಅಕ್ಕ ಎಲ್ಲ ಕೇಳಿಸಿಕೊಂಡು ಪಾಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದರು: ‘ನಾ ಎಕ್ಸ್‌ಚೇಂಜ್ ಬ್ಯಾಟರಿ ಅಂದ್ಕಂಡೆ. ತಪ್ಪು ನಂದೇ.’ ತಪ್ಪು ನನ್ನದು ಎಂದು ನಾನು ಹೇಳಬೇಕಿತ್ತು. ಆ ದಿನ ಹೇಳಲಿಲ್ಲ.

ಅದರ ಮಾರನೆಯ ದಿನ ಮಳೆ ಹಿಡಿಯಿತು. ಮಧ್ಯಾಹ್ನದೊಳಗೆ ಎಲ್ಲೋ ಕಂಬ ಬಿದ್ದು ಕರೆಂಟು ಹೋಯಿತು. ನಮ್ಮ ಕ್ಲಾಸಿನ ಯುಪಿಎಸ್‌ಗೆ ಹಾಕೋಣವೆಂದು ನೋಡಿದರೆ ಅದೂ ಕೂಗಿ ಕೂಗಿ ಸುಮ್ಮನಾಗಿತ್ತು. ಮೂರೂವರೆಯಿಂದ ಅಕ್ಕ ಫೋನಿನ ಪಕ್ಕ ಕೂತಿದ್ದರು. ಎದುರಿಗೆ ಸತ್ತ ಲ್ಯಾಪ್‌ಟಾಪು, ಮೇಲೆ ಮಡಿಸಿಟ್ಟ ಕ್ರೋಶದ ಹೊದಿಕೆ. ನಾಲ್ಕಕ್ಕೆ ಸರಿಯಾಗಿ ಫೋನು ರಿಂಗಾಯಿತು. ಅಕ್ಕ ನನ್ನ ಮುಖ ನೋಡಿದರು, ಪಾಟಿ ಎತ್ತಿಕೊಂಡರು.

‘ನೀ ಬರೀ ಆಪರೇಟರ್. ಬರದ್ದು ಓದು. ನಿಂದು ಎಂತದೂ ಸೇರ್ಸ್ಬೇಡ.’

ರಿಸೀವರ್ ಎತ್ತಿದೆ.

‘ಎಷ್ಟ್ ಅದೆ?’

‘ಸೊನ್ನೆ, ದೊಡ್ಡಕ್ಕ. ಕರೆಂಟಿಲ್ಲ, ಬ್ಯಾಟರಿ ಹಾಳಾಗದೆ. ಅಕ್ಕ ಬರೀತ್ರು, ನಾ ಓದ್ತೆ.’

‘ಆತು. ರಿಪೋರ್ಟು ಬಂತಾ ಕೇಳು.’

ಅಕ್ಕ ಬರೆದು ನನ್ನೆದುರು ಹಿಡಿದರು. ಅಕ್ಷರ ಒಂದೂ ಸೊಟ್ಟ ಇರಲಿಲ್ಲ. ‘ಬಂತು. ಎಲ್ಲ ಸರಿ ಅದೆ. ಆರು ತಿಂಗಳು ಬಿಟ್ಟು ಬನ್ನಿ ಹೇಳಿದ್ರು.’

ನಾನು ‘ಬಂತು’ ಎಂದೆ. ‘ಎಲ್ಲ’ ಎಂದೆ. ಮುಂದಿನ ಮಾತು ಬರಲಿಲ್ಲ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಅತ್ತುಬಿಟ್ಟೆ. ದನಿ ಇದ್ದೂ ಆ ಹೊತ್ತಿಗೆ ನನ್ನಿಂದ ಎರಡು ಮಾತು ಆಡಲಾಗಲಿಲ್ಲ. ಹೊರಗೆ ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು, ಫೋನಿನೊಳಗೆ ಆ ಹಳೆಯ ಲೈನಿನ ಗುಯ್‌ಗುಟ್ಟುವಿಕೆ. ದೊಡ್ಡಕ್ಕ ಕಾದರು. ಅಮ್ಮ ಅತ್ತ ಮೂರು ನಿಮಿಷದಷ್ಟೇ ಕಾದರೇನೋ. ಆಮೇಲೆ ನಿಧಾನವಾಗಿ, ಒರಟಾಗಿ, ಥೇಟು ತಂಗಿಯದೇ ದನಿಯಲ್ಲಿ ಹೇಳಿದರು.

‘ಅಳೂದು ಲೆಕ್ಕಕ್ಕಿಲ್ಲ ತಮ್ಮಾ. ಈಗ ಮಾತಾಡು.’

ಅಕ್ಕನಿಗೂ ಅದು ಕೇಳಿಸಿತು. ಅವರು ನನ್ನನ್ನು ನೋಡಲಿಲ್ಲ. ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈ ಎಂಜಲು ಮಾಡಿ, ಶಾಲೆಮಕ್ಕಳ ಹಾಗೆ ಆ ಸುಳ್ಳನ್ನು ಪೂರ್ತಿ ಒರೆಸಿದರು. ಒಂದೇ ಶಬ್ದ ಬರೆದು ನನ್ನ ಕಡೆ ತಿರುಗಿಸಿದರು: ‘ಹೇಳು.’

ಹೇಳಿದೆ. ಡಾಕ್ಟರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ. ದೊಡ್ಡಕ್ಕ ಕೂಗಾಡಲಿಲ್ಲ. ‘ಅವಳು ಅಲ್ಲೇ ಇದ್ದಾಳಾ?’ ಎಂದರು. ಅಕ್ಕ ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡು ಉಗುರಿನಿಂದ ಒಂದು ಏಟು ಹೊಡೆದರು. ಆಮೇಲೆ ದೊಡ್ಡಕ್ಕ ಮಾತಾಡಿದರು, ಇವರು ಏಟು ಹೊಡೆದರು, ಒಂದು, ಎರಡು, ಒಂದು, ಒಂದು. ನಾನು ಎದ್ದು ಹಿತ್ತಿಲ ಕಡೆ ಹೋದೆ. ಬಹಳ ಹೊತ್ತಾಗಿ ಬಂದಾಗಲೂ ಆ ಏಟು ನಿಂತಿರಲಿಲ್ಲ.

ದೊಡ್ಡಕ್ಕ ಮರುದಿನವೇ ಬಂದರು. ಮಗ ಊರಲ್ಲಿರಲಿಲ್ಲ. ಪಕ್ಕದ ಮನೆಯ ನವಾಯತ ಮುಸ್ಲಿಮರು ಆ ಮಳೆಯಲ್ಲಿ ತಮ್ಮ ಕಾರಿನಲ್ಲಿ ಕರೆದುಕೊಂಡು ಬಂದು ಬಿಟ್ಟು, ಚಹಾ ಕೂಡ ಕುಡಿಯದೆ ಹೋದರು. ಕರೆಂಟು ಇನ್ನೂ ಬಂದಿರಲಿಲ್ಲ. ಇಬ್ಬರೂ ಜಗಲಿಯಲ್ಲಿ ಕೂತರು. ದೊಡ್ಡಕ್ಕ ಅಂಗೈ ಚಾಚಿ, ‘ಸಣ್ಣಿದ್ದಾಗ ನಿಂಗೆ ಅಕ್ಷರ ತಿದ್ದಿಸಿದ್ದು ನಾನು. ಬರಿ ಇದ್ರ ಮೇಲೆ’ ಎಂದರು. ಅಕ್ಕ ತೋರುಬೆರಳಿನಿಂದ ಆ ಅಂಗೈ ಮೇಲೆ ಒಂದೊಂದೇ ಅಕ್ಷರ ಬರೆದರು, ದೊಡ್ಡಕ್ಕ ಜೋರಾಗಿ ಓದಿದರು. ಮೊದಲು ಬರೆದದ್ದು, ಬಯ್ಯಬೇಡ ಎಂದು. ‘ಬಯ್ಯದೆ ಬಿಡ್ತೆನಾ?’ ಎಂದು ದೊಡ್ಡಕ್ಕ ಸಂಜೆಯವರೆಗೆ ಬೈದರು. ಎಂಟು ದಿನ ಇದ್ದು ಹೋದರು.

ಹೊಸ ಬ್ಯಾಟರಿ ಬಂತು. ಹಾಕಿದ ದಿನ ಅಕ್ಕ ನನ್ನನ್ನು ಎದುರು ಕೂರಿಸಿಕೊಂಡು, ‘ಈಗ ನೀ ಕಲ್ಸು’ ಎಂದು ಬರೆದರು. ಎಂಬತ್ತರ ಮಿತಿ ಹಾಕಿ ತೋರಿಸಿದೆ. ಅಂದೇ ನನ್ನ ತಪ್ಪನ್ನೂ ಹೇಳಿದೆ, ಗೊತ್ತಿದ್ದೂ ಸುಮ್ಮನಿದ್ದೆ ಎಂದು. ಅವರು ನನ್ನನ್ನು ದಿಟ್ಟಿಸಿ ನೋಡಿ ಟೈಪ್ ಮಾಡಿದರು. ‘ಲೈನ್ ಬಿಝಿ ಅದೆ’ ಎಂದಿತು ಯಂತ್ರ.

ಕ್ರೋಶದ ಹೊದಿಕೆ ಆಮೇಲೆ ಚಹಾದ ತಟ್ಟೆಗೆ ಹೋಯಿತು. ನಾಲ್ಕು ಗಂಟೆಯ ಫೋನು ಮತ್ತೆ ಶುರುವಾಯಿತು, ಈ ಸಲ ಸುಳ್ಳಿಲ್ಲದೆ. ನೋವಿದ್ದ ದಿನ ಯಂತ್ರ ನೋವು ಎಂದೇ ಹೇಳುತ್ತಿತ್ತು. ದೊಡ್ಡಕ್ಕ ಆ ಸಪಾಟು ದನಿಯಲ್ಲೂ ತಂಗಿಯ ಆಯಾಸ ಹಿಡಿಯುತ್ತಿದ್ದರು. ಎರಡು ಮಾತಿನ ನಡುವೆ ಎಷ್ಟು ಹೊತ್ತಾಯಿತು ಎಂಬುದರಿಂದ ಗೊತ್ತಾಗುತ್ತದಂತೆ.

ಚಳಿಗಾಲದ ಕೊನೆಗೆ ಅಕ್ಕ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ನನ್ನನ್ನು ಕರೆದು ಯಂತ್ರದಿಂದ ಹೇಳಿಸಿದರು, ಒಂದೊಂದು ಮಾತಿಗೂ ನಿಂತು ನಿಂತು. ‘ಇದು ನಿನ್ನ ವಸ್ತು. ನಂದು ಆತು. ಬಾಯಿಲ್ಲದವರು ಯಾರಾದ್ರೂ ಬಂದ್ರೆ ಕೊಡು. ಅಲ್ಲಿ ತನಕ ತುಂಬಿಸಿ ಇಡಬೇಡ, ಖಾಲಿ ಇಡಬೇಡ. ಅರ್ಧ ಇಟ್ಟು ಮುಚ್ಚು. ಮೂರು ತಿಂಗಳಿಗೊಮ್ಮೆ ತೆಗೆದು ನೋಡು.’ ಬಹಳ ದಿನ ಬಳಸದೆ ಇಡುವ ಬ್ಯಾಟರಿಗೆ ಅದೇ ಸರಿಯಾದ ಕ್ರಮ. ಅದನ್ನು ಅವರಿಗೆ ಯಾವತ್ತೋ ಹೇಳಿದವನು ನಾನೇ. ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ.

ನಾಲ್ಕು ದಿನ ಬಿಟ್ಟು, ಮಧ್ಯಾಹ್ನದ ಊಟದ ಹೊತ್ತಿಗೆ, ಅಕ್ಕ ಹೋದರು. ದೊಡ್ಡಕ್ಕನಿಗೆ ಫೋನು ಮಾಡಿ ಹೇಳಿದವನು ನಾನು. ಈ ಸಲ ನನ್ನ ದನಿ ಕೆಡಲಿಲ್ಲ. ಆಪರೇಟರಿನ ಕೆಲಸವನ್ನು ಅಷ್ಟು ಮಾತ್ರ ಸರಿಯಾಗಿ ಮಾಡಿದೆ ಎಂದು ನನ್ನ ಸಮಾಧಾನ.

ಹದಿಮೂರು ದಿನ ಕಳೆದ ಮೇಲೆ ಲ್ಯಾಪ್‌ಟಾಪನ್ನು ಮನೆಗೆ ತಂದೆ. ಅರ್ಧಕ್ಕೆ ತರಬೇಕಲ್ಲ ಎಂದು ತೆರೆದೆ. ಅವರು ಎಂದಿನಂತೆ ಮುಚ್ಚಳ ಹಾಕಿದ್ದರು, ಯಂತ್ರ ಚೀಟಿ ಬರೆದಿಟ್ಟುಕೊಂಡಿತ್ತು. ಬಿಟ್ಟಲ್ಲಿಂದಲೇ ತೆರೆಯಿತು. ಬೆಳಕು ಎಷ್ಟು ಕಡಿಮೆಯೆಂದರೆ ಪರದೆಗೆ ಮೂಗು ತಾಗಿಸಿ ಓದಬೇಕಾಯಿತು. ನಾಲ್ಕು ಗಂಟೆಗೆಂದು ಮೊದಲೇ ಟೈಪ್ ಮಾಡಿಟ್ಟ, ಯಂತ್ರ ಇನ್ನೂ ಓದಿರದ ಒಂದು ಸಾಲು ಅಲ್ಲಿತ್ತು.

‘ಅಕ್ಕ, ಇವತ್ತು ಎಂಬತ್ತು ಅದೆ. ನಿಧಾನ ಮಾತಾಡುವ.’

ಗುಂಡಿ ಒತ್ತಿ ಯಂತ್ರದಿಂದ ಓದಿಸಲು ನನಗೆ ಮನಸ್ಸು ಬರಲಿಲ್ಲ. ನಾಲ್ಕು ಗಂಟೆಗೆ ಭಟ್ಕಳಕ್ಕೆ ಫೋನು ಮಾಡಿ ನಾನೇ ಓದಿದೆ. ದೊಡ್ಡಕ್ಕ ಇನ್ನೊಮ್ಮೆ ಓದಿಸಿದರು. ಆಮೇಲೆ, ‘ನಾಳೆನೂ ಮಾಡ್ತ್ಯಾ?’ ಎಂದು ಕೇಳಿದರು.

ಅಂದಿನಿಂದ ನಾಲ್ಕು ಗಂಟೆಗೆ ನನ್ನ ಕ್ಲಾಸಿಗೆ ಹತ್ತು ನಿಮಿಷ ಬಿಡುವು. ಮೀನು, ಮಳೆ, ಯಾರದೋ ಸೊಸೆ. ಮೂರು ತಿಂಗಳಿಗೊಮ್ಮೆ ಲ್ಯಾಪ್‌ಟಾಪ್ ತೆಗೆಯುತ್ತೇನೆ, ಇಳಿದಿದ್ದರೆ ಐವತ್ತರವರೆಗೆ ತುಂಬಿಸುತ್ತೇನೆ, ಬೆಳಕು ಏರಿಸುವುದಿಲ್ಲ. ಆ ಸಾಲಿನ ಪುಟವನ್ನೂ ಮುಚ್ಚಿಲ್ಲ. ಬಾಯಿಲ್ಲದವರು ಯಾರೂ ಇನ್ನೂ ಕೇಳಿಕೊಂಡು ಬಂದಿಲ್ಲ. ಬರದೇ ಇರಲಿ ಎಂದೇ ಆಸೆ. ಬಂದರೆ ಆ ಪುಟವನ್ನು ಬೇರೆ ಕಡೆ ತೆಗೆದಿಟ್ಟುಕೊಂಡು ಯಂತ್ರ ಕೊಡುತ್ತೇನೆ.

ಇವತ್ತು ಮತ್ತೆ ಆ ದಿನ. ಚಾರ್ಜರ್ ಕಿತ್ತು ಫೋನು ಹಚ್ಚಿದೆ. ದೊಡ್ಡಕ್ಕನಿಗೆ ದಿನದ ಲೆಕ್ಕ ನನಗಿಂತ ಚೆನ್ನಾಗಿರುತ್ತದೆ.

‘ಎಷ್ಟ್ ಅದೆ?’

‘ಐವತ್ತು, ದೊಡ್ಡಕ್ಕ.’

‘ಆತು. ಮುಚ್ಚಿಡು. ಈಗ ಮಾತಾಡುವ.’